ಚಂಪಿಯ ಕೆಂಪು ಹಿಕ್ಕೆ

ಸರೋಜತ್ತೆ ಬಾಳೆಲೆಯ ತುಂಡಿನ ಮೇಲೆ ತಂದು ನನ್ನ ಮುಂದಿಟ್ಟದ್ದು ಚಂಪಿ ಎಂಬ ಕೋಳಿಯ ಹಿಕ್ಕೆ. ಇನ್ನೂ ಹಸಿಯಾಗಿತ್ತು. ಗಾಯದ ಪಟ್ಟಿ ಬಿಚ್ಚಿದಾಗ ಕಾಣುವಂಥ ಕೆಂಪು. ಕುಡಿಯುತ್ತಿದ್ದ ಕಾಫಿ ಲೋಟವನ್ನು ದೂರ ಸರಿಸಿದೆ.

“ರಕ್ತ ಬೀಳ್ತಿದೆ ಕಣೆ ಕೃತಿಕಾ. ರೋಗದ ಕೋಳೀನ ನೆಂಟ್ರಿಗೆ ಬಡಿಸ್ತಾರಾ? ನಿಮ್ಮಪ್ಪಂಗೆ ನೀನೇ ಹೇಳು.”

ಅಂದು ಮಧ್ಯಾಹ್ನ ಅಪ್ಪನ ಸ್ನೇಹಿತ ಮಂಜಯ್ಯನವರು ಕೊಟ್ಟಿಗೆಹಾರದಿಂದ ಜಾವಳಿಯ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಕಡುಬಿನ ಜೊತೆಗೆ ನಾಟಿ ಕೋಳಿ ಸಾರು, ಅದಕ್ಕೆ ಮೊಟ್ಟೆ ನಿಲ್ಲಿಸಿದ ಚಂಪಿಯೇ ಆಗಲಿ ಎಂದು ಅಪ್ಪ ತೀರ್ಮಾನಿಸಿದ್ದರು. ಚಂಪಿಯ ತಾಯಿಯನ್ನು ಮುಂಗುಸಿ ಒಯ್ದ ಮೇಲೆ ಮರಿಯನ್ನು ಒಲೆಯ ಪಕ್ಕ ಬುಟ್ಟಿಯಲ್ಲಿಟ್ಟು ಸಾಕಿದವರು ಅಪ್ಪನ ತಂಗಿ ಸರೋಜತ್ತೆ. ಅದು ಈಗಲೂ ಅವರ ಮಡಿಲಲ್ಲಿ ಕೂರುತ್ತದೆ. ಕೂತಲ್ಲೇ ಹಿಕ್ಕೆ ಹಾಕುತ್ತದೆ. ಅತ್ತೆ ಅದನ್ನು ಸೆರಗಿನಿಂದ ಒರೆಸಿ, ಅದೇ ಸೆರಗಿನಿಂದ ಲೋಟವನ್ನೂ ಒರೆಸಿದ್ದನ್ನು ಕಂಡ ದಿನದಿಂದ ನನ್ನ ಲೋಟವನ್ನು ನಾನೇ ತೊಳೆದುಕೊಳ್ಳುತ್ತೇನೆ.

ಅಪ್ಪ ಜಗಲಿಯಿಂದ ಕೂಗಿದರು: “ಬಿ.ಎಸ್ಸಿ. ಓದಿದ್ದಕ್ಕೆ ಇದೊಂದಾದ್ರೂ ಹೇಳು ಮಾರಾಯ್ತಿ! ರೋಗ ಇಲ್ಲ ಅಂದ್ರೆ ಸಾರಿಗೆ. ಇದೆ ಅಂದ್ರೆ ಈಗ್ಲೇ ಕುತ್ತಿಗೆ ಮುರ್ದು ಹೂಳ್ತೀನಿ. ಉಳಿದ ಕೋಳಿಗಳಿಗೆ ಹಬ್ಬೋದು ಬೇಡ.”

ಅತ್ತೆಯ ಮುಖ ಬಿಳಿಚಿತು. ಹೂಳುವ ಮಾತನ್ನು ಅವರು ನಿರೀಕ್ಷಿಸಿರಲಿಲ್ಲ.

ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ಕಡ್ಡಿಯಿಂದ ಹಿಕ್ಕೆಯನ್ನು ಬಿಡಿಸಿದೆ. ರಕ್ತಭೇದಿಯಲ್ಲಿ ಹಿಕ್ಕೆ ನೀರಾಗಿರುತ್ತದೆ, ಲೋಳೆಯಿರುತ್ತದೆ, ಕೋಳಿ ಗರಿ ಕೆದರಿಕೊಂಡು ತೂಕಡಿಸುತ್ತದೆ. ಇದಾದರೋ ಗಟ್ಟಿಯಾಗಿತ್ತು, ತುದಿಯಲ್ಲಿ ಆರೋಗ್ಯವಂತ ಕೋಳಿಯ ಹಿಕ್ಕೆಯಲ್ಲಿರುವ ಬಿಳಿ ಲೇಪವಿತ್ತು. ಚಂಪಿ ನನ್ನ ಚಪ್ಪಲಿಯ ಬಾರನ್ನು ಹುಳುವೆಂದು ಭಾವಿಸಿ ಎಳೆಯುತ್ತಿತ್ತು. ಕೆಂಪಿನಲ್ಲಿ ನೇರಳೆಯ ಛಾಯೆಯೂ ಇತ್ತು.

“ಅತ್ತೆ, ನಿಮ್ಮ ಎಲೆಅಡಿಕೆ ಸುಣ್ಣ ಸ್ವಲ್ಪ ಕೊಡಿ.”

ಅವರು ಕೊಟ್ಟರು. ನೀರಿನಲ್ಲಿ ಕದಡಿದ ಸುಣ್ಣವನ್ನು ಹಿಕ್ಕೆಗೆ ಬೆರೆಸಿದೊಡನೆ ಎದ್ದ ನಾತಕ್ಕೆ ನಾನು ಎರಡು ಸಲ ಓಕರಿಸಿದೆ. ಕೆಂಪು ನಿಧಾನವಾಗಿ ಹಳದಿಗೆ ತಿರುಗಿತು. ರಕ್ತವಾಗಿದ್ದರೆ ಹಾಗೆ ಹಳದಿಯಾಗುತ್ತಿರಲಿಲ್ಲ; ಬಸಳೆ ಹಣ್ಣಿನ ಬಣ್ಣವಾದರೆ ಆಗುತ್ತದೆ. ನಾನು ತಲೆಯೆತ್ತಿ ಹಿತ್ತಿಲ ಬಸಳೆ ಚಪ್ಪರವನ್ನು ನೋಡಿದೆ. ಕೈಗೆಟುಕುವಷ್ಟು ಎತ್ತರದವರೆಗೆ ಒಂದು ಹಣ್ಣೂ ಉಳಿದಿರಲಿಲ್ಲ. ಅತ್ತೆಯ ಬೆರಳ ತುದಿಗಳು ನೇರಳೆಯಾಗಿದ್ದವು.

“ಮತ್ತೇನ್ ಮಾಡ್ಲಿ?” ಎಂದು ಪಿಸುಗುಟ್ಟಿದರು. “ನನ್ನ ಹಿಂದೆ ಹಿಂದೇನೇ ಓಡಾಡ್ತದೆ. ಅದ್ನ ನಾನೇ ಹೆಂಗೆ ಹೆಚ್ಚಲಿ?”

ರೋಗವೆಂದರೆ ಗುಂಡಿ, ಇಲ್ಲವೆಂದರೆ ಪಾತ್ರೆ. ಅಪ್ಪನಿಗೆ ಸುಳ್ಳು ಹೇಳಲು ನನಗೆ ಮನಸ್ಸಿರಲಿಲ್ಲ. ಆದರೆ ಸತ್ಯವನ್ನು ಎಷ್ಟರಮಟ್ಟಿಗೆ ಹೇಳಬೇಕೆಂದು ಯಾರೂ ಮಿತಿ ಹಾಕಿರಲಿಲ್ಲ.

ಅಷ್ಟರಲ್ಲಿ ಚಂಪಿ ಬಾಲವೆತ್ತಿ ಇನ್ನೊಂದು ಬಗೆಯದನ್ನು ಹಾಕಿತು: ಕಡುಗಂದು, ಅಂಟು, ಕೊಳೆತ ಮೀನಿನ ನಾತ. ಕರುಳಿಗೆ ಅಂಟಿಕೊಂಡ, ಒಂದೇ ಬಾಯಿಯ ಕುರುಡು ಚೀಲಗಳಿಂದ ಬರುವ ಈ ಹಿಕ್ಕೆ ಆರೋಗ್ಯದ ಲಕ್ಷಣವೇ. ಅದನ್ನೂ ಎಲೆಗೆ ಬಳಿದುಕೊಂಡು ಜಗಲಿಗೆ ಹೋದೆ.

ಮಂಜಯ್ಯನವರು ಆಗಷ್ಟೇ ಬಂದು ಕಾಫಿ ಲೋಟ ಹಿಡಿದಿದ್ದರು. ಎಲೆಯನ್ನು ಅವರ ಪಕ್ಕದಲ್ಲಿಟ್ಟೆ.

“ರೋಗ ಇಲ್ಲ ಅಪ್ಪ. ಕೆಂಪು ಬಂದಿದ್ದು ಬಸಳೆ ಹಣ್ಣಿಂದ. ಇದು ನೋಡಿ ಮಾಮ, ಇದೂ ಸಹಜವೇ. ಕರುಳಲ್ಲಿ ಕೊಳೀತಾ ಇರ್ತದೆ. ನಿಮ್ಮ ಕಾಫಿಗಿಂತ ಸ್ವಲ್ಪ ಗಟ್ಟಿ, ಅಷ್ಟೇ.”

“ಥೂ! ತೆಗಿಯೇ ಅತ್ಲಾಗೆ!” ಎಂದರು ಅಪ್ಪ.

“ಪೂರ್ತಿ ಹೇಳ್ತೀನಿ. ಬೆಳಿಗ್ಗೆ ಬಚ್ಚಲ ಗುಂಡೀಲಿ ಬಿಳಿ ಹುಳ ಹೆಕ್ಕಿ ತಿಂತು. ಆಮೇಲೆ ನಾಯಿ ಕಿವಿಯಿಂದ ಉದುರಿದ ಇಂಬಳ, ರಕ್ತ ಕುಡಿದು ದ್ರಾಕ್ಷಿಯಷ್ಟು ಊದಿತ್ತು. ಅದ್ನ ನುಂಗಿದ್ದು ನಾನೇ ನೋಡಿದೀನಿ. ಇನ್ನೂ ಹೊಟ್ಟೇಲಿರ್ಬೇಕು. ಹೆಚ್ಚುವಾಗ ಒಡೀದಂಗೆ ನೋಡ್ಕೋಬೇಕು.”

ಮಂಜಯ್ಯನವರು ಲೋಟವನ್ನು ಕೆಳಗಿಟ್ಟರು. ಗಾಳಿ ಅವರ ಕಡೆಗೇ ಬೀಸುತ್ತಿತ್ತು.

“ಕೃಷ್ಣಪ್ಪ,” ಎಂದರು ಅಪ್ಪನ ಕಡೆ ತಿರುಗಿ, “ಬೇಜಾರ್ ಮಾಡ್ಕೋಬೇಡ ಮಾರಾಯ. ಇವತ್ತು ಬರೀ ಕಡುಬು-ಚಟ್ನಿ ಸಾಕು. ಮತ್ತೆ ಈ ಕೋಳೀನ ನನಗೆ ಯಾವತ್ತೂ ಹಾಕ್ಬೇಡ.”

“ನನಗೂ ಬೇಡ. ಸರೋಜ, ಇನ್ನು ಅದು ನಿಂದು, ನೀನೇ ಇಟ್ಕೊ! ಸಾಯೋವರ್ಗೂ ನನ್ನ ಕಣ್ಣಿಗೆ ಬೀಳ್ದಂಗೆ ನೋಡ್ಕೊ,” ಎಂದು ಅಪ್ಪ ಎದ್ದು ಅಂಗಳಕ್ಕೆ ಹೋಗಿ ಉಗಿದರು.

ನಾನು ಸಾಬೂನಿನಿಂದ ಮೊಣಕೈವರೆಗೆ ತೊಳೆದುಕೊಂಡೆ. ನಾತ ಉಗುರಿನಡಿ ಉಳಿದೇ ಇತ್ತು. ಊಟಕ್ಕೆ ಕೂತಾಗ ಸರೋಜತ್ತೆ ಎಲ್ಲರಿಗಿಂತ ಮೊದಲು ನನಗೆ ಕಡುಬು ಬಡಿಸಿದರು. ಅವರ ಬೆರಳುಗಳು ಇನ್ನೂ ನೇರಳೆ. ತಟ್ಟೆಯ ಅಂಚಿನಲ್ಲಿ ತೇವವಿತ್ತು. ಅವರು ಪ್ರೀತಿಯಿಂದ ಸೆರಗೆಳೆದು ಅದನ್ನು ಚೆನ್ನಾಗಿ ಒರೆಸಿದರು.

“ತಿನ್ನೇ,” ಎಂದರು.

ಉಸಿರು ಬಿಗಿಹಿಡಿದು ತಿಂದೆ.