ಸೀರೆ ಕೊಯ್ದ ಸೋಮವಾರ

"ಯಾರ ಕುತ್ತಿಗೆ ಕೊಯ್ಯೋಕೆ ಹೊರಟಿದ್ದೆ? ಬೊಗಳೇ ಮುಂಡೆ!"

ಠಾಣೆಯ ಸಾಹೇಬ ಮೇಜಿನ ಮೇಲಿದ್ದ ಫೋನನ್ನು ಬೆರಳಿನಿಂದ ಒತ್ತಿದ. ಎದುರು ನಿಂತಿದ್ದ ಶೇವಂತಿಯದೇ ದನಿ ಹೊರಬಂತು: "ಸೋಮವಾರ ಎಲ್ಲಾರೂ ಕೊಯ್ಯೂಣು. ಕೊಯ್ದು ಸಾವ್ಕಾರನ ಬಾಗಲದಾಗ ಒಗಿಯೂಣು. ಅವಾಗರ ಕಣ್ಣ ತಗೀತಾನ."

"ಕುತ್ತಿಗಿ ಅಲ್ರಿ ಸಾಹೇಬ್ರ, ಸೀರಿರೀ. ಮಗ್ಗದ ಮ್ಯಾಲಿನ ಸೀರಿ ಕೊಯ್ಯೂದ್ರಿ. ನಾವು ಹಂಗ ಅಂತೀವ್ರಿ."

"ಸೀರೆನ ಯಾರಾದ್ರೂ ಕೊಯ್ತಾರೇನೇ? ಕೋಳಿನಾ ಅದು?"

ಸಾಹೇಬ ಮೈಸೂರು ಕಡೆಯವನು, ಬಂದು ಮೂರು ತಿಂಗಳಾಗಿತ್ತು. ಅವನಿಗೆ ಗೊತ್ತಿಲ್ಲ ಅಂದರೆ ಒಪ್ಪೋಣ. ಆದರೆ ಪಕ್ಕದಲ್ಲಿ ಕೂತು ಜಬಾಬು ಬರೆಯುತ್ತಿದ್ದ ಪೊಲೀಸ್ ಕಾಶಪ್ಪ ರಬಕವಿಯ ನೇಕಾರರ ಮನೆಯವನು. ಅವನ ತಾಯಿ ನೂಲಿನ ಕಂಡಿಕೆ ಸುತ್ತಿ ಸುತ್ತಿ ಅವನ ಮೈಗೆ ಖಾಕಿ ತೊಡಿಸಿದವಳು. ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸುವುದಕ್ಕೆ ನಮ್ಮಲ್ಲಿ ಕೊಯ್ಯುವುದು ಅನ್ನುತ್ತಾರೆ ಎಂದು ಅವನಿಗೆ ಹಾಲುಹಲ್ಲಿನ ಕಾಲದಿಂದ ಗೊತ್ತು. ಭಾಡ್ಯಾ ತಲೆಯನ್ನೇ ಎತ್ತಲಿಲ್ಲ. ಗೋಡೆಗೆ ಒತ್ತಿಕೊಂಡು ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ.

ನಾನು ಕಲ್ಮೇಶ. ಶೇವಂತಿ ವೈನಿಯ ಮಾತನ್ನು ಇಂಟರ್ನೆಟ್ಟಿಗೆ ಏರಿಸಿದವನು ನಾನೇ.

"ಫೋನ್ ಇಲ್ಲೇ ಇರುತ್ತೆ. ವಿಡಿಯೊನ ಮೇಲಿನವರೇ ತೆಗೆಸಿಬಿಟ್ಟಿದ್ದಾರೆ. ಇನ್ನು ಊರಲ್ಲಿ ಯಾರ ಹತ್ರ ಸಿಕ್ಕಿದ್ರೂ ಒಳಗೆ ಹಾಕ್ತೀನಿ," ಎಂದ ಸಾಹೇಬ.

"ಅದರಾಗ ನಮ್ಮ ಮನ್ಯಾರು ಅದಾರ್ರೀ," ಅಂದಳು ವೈನಿ. "ಅವರ ದನಿ ಮತ್ತೆಲ್ಲೂ ಇಲ್ರಿ."

ಸಾಹೇಬನಿಗೆ ನಗು ಬಂತು. ನಕ್ಕ.

ಅವಳ ಗಂಡ ಯಮನಪ್ಪ, ನನಗೆ ಯಮನಣ್ಣ; ಅದಕ್ಕೇ ಅವಳು ವೈನಿ, ಅತ್ತಿಗೆ. ಬನಹಟ್ಟಿಯ ಗಿರಿಮಲ್ಲಪ್ಪ ಸಾವ್ಕಾರನ ಶೆಡ್ಡಿನಲ್ಲಿ ನಾವು ಮೂವರೂ ಪವರ್‌ಲೂಮ್ ನಡೆಸುತ್ತಿದ್ದೆವು. ಸ್ವಿಚ್ ಬೋರ್ಡಿನ ವೈರು ಬತ್ತಲೆಯಾಗಿತ್ತು. ಒಂದು ದಿನ ಯಮನಣ್ಣ ಅದರ ಮುಂದೆ ನಿಂತು, ಹೆಂಡತಿಯ ಕೈಗೆ ಫೋನು ಕೊಟ್ಟು, ವಿಡಿಯೊ ಮಾಡಿಸಿದ. ಸಾವ್ಕಾರನಿಗೆ ತೋರಿಸುವುದಕ್ಕೆ. ತೋರಿಸಿದ್ದೂ ಆಯಿತು. ಹನ್ನೊಂದನೆಯ ದಿನ ಮಳೆ ಬಂದು ಶೆಡ್ಡಿನ ನೆಲ ಜಿನುಗಿತು. ಅದೇ ವೈರು ಅವನನ್ನು ಹಿಡಿದು ಬಿಡಲಿಲ್ಲ. ಯಮನಪ್ಪ ಹಾರ್ಟ್ ಅಟ್ಯಾಕ್ ಆಗಿ ಸತ್ತ ಎಂದು ಸಾವ್ಕಾರ ಹೇಳಿದ, ಊರೆಲ್ಲ ಹಾಗೇ ಅಂದಿತು.

ನಾಲ್ಕು ತಿಂಗಳ ಮೇಲೆ ವೈನಿ ಆ ವಿಡಿಯೊದ ಕೊನೆಗೆ ತನ್ನದೊಂದು ಮಾತು, ಸೋಮವಾರ ಕೊಯ್ಯೂಣು ಅನ್ನುವುದನ್ನು, ಸೇರಿಸಿ ನನಗೆ ಕೊಟ್ಟಳು. ಎರಡೇ ದಿನದಲ್ಲಿ ತೇರದಾಳದಿಂದ ಮಹಾಲಿಂಗಪುರದವರೆಗೆ ಅದನ್ನು ನೋಡದವರಿಲ್ಲ. ಮೂರನೆಯ ದಿನ ಅಲ್ಲಿ ಒಂದು ಸಾಲು ಮಾತ್ರ ಉಳಿದಿತ್ತು: ಕಾನೂನಿನ ಕೋರಿಕೆಯ ಮೇರೆಗೆ ಈ ವಿಡಿಯೊ ನಿಮ್ಮ ದೇಶದಲ್ಲಿ ಲಭ್ಯವಿಲ್ಲ. ಬನಹಟ್ಟಿಯ ಒಂದು ಶೆಡ್ಡಿನ ಒಂದು ವೈರು ಇಡೀ ದೇಶದ ಕಣ್ಣಿಗೆ ಬೀಳಬಾರದಂತೆ.

ಠಾಣೆಯಿಂದ ಬಂದ ವೈನಿ ಮನೆಗೆ ಹೋಗಲಿಲ್ಲ. ಓಣಿಯ ಮನೆಮನೆಯ ಬಾಗಿಲಿಗೂ ನಿಂತಳು.

"ಯಕ್ಕಾ, ನಿನ್ನ ಫೋನಿನ್ಯಾಗ ಆ ವಿಡಿಯೊ ಐತೇನು?" ಎಂದು ಕಸ್ತೂರೆವ್ವನನ್ನು ಕೇಳಿದಳು. ಯಮನಣ್ಣನ ಹೆಣಕ್ಕೆ ನೀರು ಹಾಕಿದ ಕಸ್ತೂರೆವ್ವ, ಮಗ್ಗುಲ ಮನೆಯವಳು.

"ಅಳಿಸೇನವ್ವಾ. ಹುಡುಗೂರು ಅಂಜ್ಯಾರ. ನೀ ಒಳಗ ಬರಬ್ಯಾಡ, ಯಾರರ ನೋಡ್ತಾರ."

ಹದಿನೇಳು ಮನೆ. ಎಲ್ಲರೂ ಅಳಿಸಿದ್ದರು. ಕೊನೆಗೆ ನನ್ನ ಬಾಗಿಲಿಗೆ ಬಂದಳು.

"ಕಲ್ಮೇಶಪ್ಪಾ, ನಿನ್ನ ಕಡೆ ಇರ್ತೈತಿ. ನೀನ ಹಾಕಿದಾಂವ."

ನಾನು ಠಾಣೆಯ ಕಕ್ಕಸಿನಲ್ಲಿ ಕೂತು ಅಳಿಸಿದ್ದೆ. ಓಣಿಯವರ ಫೋನ್ ಗ್ರೂಪಿನಿಂದಲೂ ಅಳಿಸಿದ್ದೆ. ಫೋನನ್ನು ತೆರೆದು ಅವಳ ಕೈಗೇ ಕೊಟ್ಟೆ. ವೈನಿ ಹುಡುಕಿ ನೋಡಿ ತಿರುಗಿ ಕೊಟ್ಟಳು, ಬಯ್ಯಲೂ ಇಲ್ಲ. ಬೈದಿದ್ದರೆ ಅವತ್ತು ನನಗೆ ಒಂದಿಷ್ಟು ನಿದ್ದೆ ಬರುತ್ತಿತ್ತು.

ಶುಕ್ರವಾರ ಸಾವ್ಕಾರ ಅವಳನ್ನು ತನ್ನ ಅಂಗಳಕ್ಕೆ ಕರೆಸಿದ. ನಮ್ಮನ್ನೂ ನಿಲ್ಲಿಸಿದ, ನೋಡಲಿಕ್ಕೆ. ತಾನೇ ಫೋನು ಹಿಡಿದ.

"ಕೈ ಮುಗಿ ಬೇ. ಹೇಳು: ನನ್ನ ಗಂಡ ಹಾರ್ಟಿನಿಂದ ಸತ್ತಾನ, ನಾ ತಪ್ಪ ಮಾತಾಡೇನಿ. ಸೆರಗ ಒಡ್ಡಿ ಹೇಳು. ಹೇಳಿದ್ರ ನಿನ್ನ ಮಗ್ಗನೂ ತಿರಗಿ ಕೊಡ್ತೇನಿ, ಸಾಹೇಬ್ರಿಗೆ ಹೇಳಿ ಫೋನೂ ಕೊಡಸ್ತೇನಿ."

ಫೋನು ಅಂದ ಕೂಡಲೇ ಅವಳ ಕೈ ಎದ್ದವು. ಹೇಳಿದಳು. "ಗಟ್ಟಿ," ಅಂದ ಸಾವ್ಕಾರ. ಗಟ್ಟಿಯಾಗಿ ಹೇಳಿದಳು. ಮೂರನೆಯ ಸಲಕ್ಕೆ ಅವನಿಗೆ ಸಮಾಧಾನವಾಯಿತು. ಆ ವಿಡಿಯೊ ಸಂಜೆಯೊಳಗೆ ಜಮಖಂಡಿ ಮುಟ್ಟಿತು. ಅದನ್ನು ಯಾರೂ ತೆಗೆಸಲಿಲ್ಲ, ಈಗಲೂ ನೋಡಬಹುದು.

ಫೋನನ್ನು ಕಾಶಪ್ಪ ತಂದುಕೊಟ್ಟ. ವೈನಿ ಅಲ್ಲೇ ಬಾಗಿಲಲ್ಲಿ ನಿಂತು ತೆರೆದಳು. ಫೋನು ಹೊಸದಾಗಿ ಕೊಂಡದ್ದರಂತೆ ಖಾಲಿ ಇತ್ತು.

"ಎಲ್ಲಾ ಅಳಿಸಿ ಕೊಡು ಅಂದ್ರವ್ವಾ ಸಾಹೇಬ್ರು," ಎಂದು ಕಾಶಪ್ಪ ನೆಲ ನೋಡುತ್ತ ಹೇಳಿದ.

ಅವಳು ಅಳುತ್ತಾಳೆ ಅಂದುಕೊಂಡೆ. ಫೋನನ್ನು ಕಿವಿಗೆ ಹಿಡಿದು ಹಾಗೇ ನಿಂತಳು, ಒಳಗೆ ಯಾರೋ ಇದ್ದಾರೆ ಅನ್ನುವಂತೆ.

ಸೋಮವಾರ ಬೆಳಿಗ್ಗೆ ಶೆಡ್ಡಿನಲ್ಲಿ ಎಂಟೂ ಮಗ್ಗಗಳು ನಡೆಯುತ್ತಿದ್ದವು. ಬೋರ್ಡು ಇನ್ನೂ ಹಾಗೇ ಇತ್ತು, ವೈರಿಗೆ ಸುತ್ತಿದ ಚಿಂದಿಯ ಬಣ್ಣವಷ್ಟೇ ಬೇರೆ. ವೈನಿ ತನ್ನ ಮಗ್ಗ ನಿಲ್ಲಿಸಿದಳು. ಸೀರೆ ಇನ್ನೂ ಅರ್ಧವಾಗಿತ್ತು, ಸೆರಗೇ ಬಂದಿರಲಿಲ್ಲ. ಕತ್ತರಿ ತೆಗೆದುಕೊಂಡು ಈ ಅಂಚಿನಿಂದ ಆ ಅಂಚಿಗೆ ಕೊಯ್ದಳು. ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಗೆ ನಡೆದಳು. ಎದುರಿಗೇ ಸಾವ್ಕಾರನ ಮನೆ, ಬಾಗಿಲ ಬಳಿಯ ನನ್ನ ಮಗ್ಗದಿಂದ ಕಾಣುವಷ್ಟು ಹತ್ತಿರ. ಅವನ ಹೊಸ್ತಿಲ ಮೇಲೆ ಬೀಸಿ ಒಗೆದಳು.

"ಏನ ಬೇ ಇದು? ಹಲಕಟ್ ರಂಡಿ!" ಸಾವ್ಕಾರ ಬಾಯಿ ತೊಳೆಯುತ್ತಿದ್ದವನು ತಂಬಿಗೆ ಹಿಡಿದುಕೊಂಡೇ ಬಂದ.

ಸೋಮವಾರ ಅಂತ ಬಂದೋಬಸ್ತಿಗೆ ಕಾಶಪ್ಪನನ್ನು ಅಲ್ಲೇ ಕೂರಿಸಿದ್ದರು. ಅವನು ಕುರ್ಚಿಯಿಂದ ಎದ್ದ.

"ಬ್ಯಾಡವ್ವಾ ತಂಗಿ, ಮನಿಗಿ ನಡಿ."

"ಕಾಶಪ್ಪಣ್ಣಾ, ಕೊಯ್ಯೂದು ಅಂದ್ರ ಇದು. ನಿಮ್ಮವ್ವ ಹೇಳಿದ್ದಿಲ್ಲೇನು? ಬರಕೋ."

ಆಮೇಲೆ ಅವಳು ಎರಡು ಹೆಜ್ಜೆ ಹಿಂದೆ ಸರಿದು, ಶೆಡ್ಡಿನ ಕಡೆ ಕೈ ಚಾಚಿ ಮಾತಾಡತೊಡಗಿದಳು. ದನಿ ಅವಳದು, ಮಾತು ಮಾತ್ರ ಅವಳದಲ್ಲ.

"ನೋಡ್ರಿ, ಇದು ನಮ್ಮ ಶೆಡ್ಡಿನ ಬೋರ್ಡು. ಈ ವೈರಿನ ಮ್ಯಾಲಿನ ತೊಗಲ ಹೋಗೇತಿ. ನಾನ ಸೀರಿ ಚಿಂದಿ ಸುತ್ತೇನಿ. ಸಾವ್ಕಾರಗ ಮೂರ ಸಲ ಹೇಳೇನಿ. ನಾಳೆ ನಾಳೆ ಅಂತಾನ."

ವಿಡಿಯೊದಲ್ಲಿ ಇಲ್ಲಿ ಯಮನಣ್ಣ ಕೆಮ್ಮುತ್ತಿದ್ದ. ಅವಳೂ ಕೆಮ್ಮಿದಳು, ಎರಡು ಸಲ, ಹಾಗೇ. ನೂರು ಸಲ ನೋಡಿ ಬಾಯಿಪಾಠವಾಗಿತ್ತು.

"ನಾಳೆ ಯಾರರ ಸತ್ತಮ್ಯಾಲೆ ಬರ್ತಾನೇನೋ. ಸಾಕೇನ ಶೇವಂತಿ?"

ವಿಡಿಯೊದಲ್ಲಿ ಇದಕ್ಕೆ ಫೋನಿನ ಹಿಂದಿನಿಂದ ಅವಳ ನಗು ಕೇಳಿಸುತ್ತಿತ್ತು. ಆಮೇಲೆ "ಸಾಕು ಬಿಡ್ರಿ" ಎಂಬ ಅವಳ ಮಾತು. ಯಮನಣ್ಣನ ಭಾಗ ಅಲ್ಲಿಗೆ ಮುಗಿಯುತ್ತಿತ್ತು. ಈಗ ಅವಳು ಅದನ್ನು ಹೇಳಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಳು.

ಮಗ್ಗಗಳ ಸದ್ದಿಗೆ ಶೆಡ್ಡಿನ ಉಳಿದವರಿಗೆ ಒಂದೂ ಕೇಳಿಸುತ್ತಿರಲಿಲ್ಲ. ನನಗೆ ಅಷ್ಟಿಷ್ಟು ಕೇಳಿಸುತ್ತಿತ್ತು, ತುಟಿ ಕಾಣುತ್ತಿದ್ದವು, ಅಷ್ಟೇ ಸಾಕಾಯಿತು. ಚಿಂದಿಗೆ ಬೆರಳು ತಾಗದಂತೆ ನನ್ನ ಮಗ್ಗದ ಸ್ವಿಚ್ಚು ಆರಿಸಿದೆ. ಕತ್ತರಿ ಸೊಟ್ಟ ಹೋಯಿತು. ಕೊಯ್ದೆ.

ಉಳಿದ ಆರು ಮಗ್ಗ ನಿಲ್ಲಲಿಲ್ಲ. ಹೊರಗೆ ಬಂದು ನನ್ನ ಸೀರೆಯನ್ನು ಅವಳ ಸೀರೆಯ ಮೇಲೆ ಒಗೆದೆ. ಸಾವ್ಕಾರ ಒದರುತ್ತಿದ್ದ, ಕಾಶಪ್ಪ ಠಾಣೆಗೆ ಫೋನು ಹಚ್ಚಿದ್ದ. ವೈನಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೆಮ್ಮುವ ಜಾಗಕ್ಕೆ ಬಂದಿದ್ದಳು, ಕೆಮ್ಮಿದಳು.

"ಸಾಕೇನ ಶೇವಂತಿ?"

ಯಾರೂ ಸಾಕು ಅನ್ನಲಿಲ್ಲ. "ನೋಡ್ರಿ," ಅಂದಳು, "ಇದು ನಮ್ಮ ಶೆಡ್ಡಿನ ಬೋರ್ಡು."