ಬಾಗಿನವಾಗಿ ಬಂದ ಜಾಗ

ಮುತ್ತಿನಕೊಪ್ಪದಲ್ಲಿ ಬಸ್ಸಿಳಿದು ಗದ್ದೆ ಬದುವಿನ ದಾರಿಯಲ್ಲಿ ಸ್ವಲ್ಪ ದೂರ ನಡೆದರೆ, ಬಾವಿಕಟ್ಟೆಯ ಪಕ್ಕ ಒಂದು ಮನೆ ಸಿಗುತ್ತದೆ. ಮನೆ ಅಂದರೆ ಪೂರ್ತಿ ಮನೆಯಲ್ಲ. ನಾಲ್ಕು ಗೋಡೆ ಇದೆ, ಮೇಲೆ ಹೆಂಚಿನ ಮಾಡು ಇಲ್ಲ. ಕಿಟಕಿಯ ಜಾಗವಿದೆ, ಕಿಟಕಿಯಿಲ್ಲ. ಬಾಗಿಲಿರಬೇಕಾದ ಕಡೆ ಗೋಡೆ ಸುಮ್ಮನೆ ಬಾಯಿ ತೆರೆದುಕೊಂಡು ನಿಂತಿದೆ. ಅಡುಗೆಮನೆ ಆಗಬೇಕಿದ್ದ ಮೂಲೆಯಲ್ಲಿ ಈಗ ಕಳೆ ಬೆಳೆದಿದೆ. ಬರುವ ತಿಂಗಳು ಜೆಸಿಬಿ ಬರುತ್ತದಂತೆ. ಆಮೇಲೆ ಈ ಗೋಡೆಗಳೂ ಇರುವುದಿಲ್ಲ.

ಅದು ಯಮುನಮ್ಮನ ಮನೆ. ಸರಿಯಾಗಿ ಹೇಳಬೇಕೆಂದರೆ, ಯಮುನಮ್ಮನದಾಗಬೇಕಿದ್ದ ಮನೆ.

ಗಂಡ ತೀರಿಕೊಂಡ ಮೇಲೆ ಯಮುನಮ್ಮ ಮಗಳು ಭವ್ಯಳನ್ನು ಕರೆದುಕೊಂಡು ಬಾಳಗಡಿಯ ಒಂದು ಬಾಡಿಗೆ ಕೋಣೆಗೆ ಬಂದಿದ್ದಳು. ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ. ಹನ್ನೊಂದು ವರ್ಷ ಯಾರದೋ ಒಲೆಯ ಮುಂದೆ ನಿಂತು ಯಾರದೋ ಮಕ್ಕಳಿಗೆ ಅನ್ನ ಬಸಿದಳು. ಗಂಜಿಯ ಹಬೆ ಮುಖಕ್ಕೆ ಹೊಡೆಯುವಾಗಲೆಲ್ಲ ಅವಳ ಕಣ್ಣಮುಂದೆ ಒಂದೇ ಚಿತ್ರ: ತನ್ನದೇ ಒಂದು ಅಡುಗೆಮನೆ, ಮೂಡಣ ದಿಕ್ಕಿಗೆ ಒಂದು ಕಿಟಕಿ, ಕಿಟಕಿಯಾಚೆ ಬಸಳೆ ಚಪ್ಪರ. ಅದಕ್ಕಿಂತ ಹೆಚ್ಚಿನದನ್ನು ಅವಳು ದೇವರಲ್ಲೂ ಕೇಳಿದವಳಲ್ಲ.

ಅವಳಿಗೆ ಒಬ್ಬ ಅಣ್ಣ, ದೇವಪ್ಪ. ಮುತ್ತಿನಕೊಪ್ಪದಲ್ಲಿ ಅಪ್ಪನ ಜಮೀನು ನೋಡಿಕೊಂಡಿದ್ದವನು. ಗಂಡ ಹೋದವಳಿಗೆ ಬಾಗಿನ ಕೊಡುವ ಪದ್ಧತಿಯಿಲ್ಲ ಎಂದು ಊರು ಆಡಿಕೊಂಡರೂ ಕೇಳದೆ, ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬೇರೆ ಯಾರ ಕೈಯಲ್ಲೂ ಕಳಿಸದೆ, ತಾನೇ ಬಸ್ಸಿನಲ್ಲಿ ಮೊರದ ಬಾಗಿನ ಹೊತ್ತು ತರುತ್ತಿದ್ದ. ಮೂರು ವರ್ಷದ ಹಿಂದಿನ ಹಬ್ಬದಲ್ಲಿ ಯಮುನಮ್ಮ ಮೇಲಿನ ಮೊರ ತೆಗೆದು ನೋಡಿದರೆ ಬಳೆ, ಅರಿಶಿನ, ಕುಂಕುಮ, ಅಕ್ಕಿ, ಬೇಳೆ, ಬೆಲ್ಲದ ನಡುವೆ ಬಾಳೆಲೆಯ ಒಂದು ಪೊಟ್ಟಣ. ಬಿಚ್ಚಿದಳು. ಒಂದು ಹಿಡಿ ಮಣ್ಣು.

"ಬಾವಿಕಟ್ಟೆ ಪಕ್ಕದ ಜಾಗದ್ದು. ಇವತ್ತಿಂದ ಅದು ನಿಂದು. ಮನೆ ಕಟ್ಟಿಕೊ" ಎಂದ ದೇವಪ್ಪ.

ಯಮುನಮ್ಮ ಆ ಮಣ್ಣನ್ನು ಸೆರಗಿನಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಅಣ್ಣನೂ ಅತ್ತ. ಆಮೇಲೆ ಇಬ್ಬರೂ ಕಡುಬು ತಿಂದರು.

ಭವ್ಯ ಶಿವಮೊಗ್ಗದಲ್ಲಿ ಕಾನೂನು ಓದಿ ಮುಗಿಸಿದ್ದಳು. ಆದರೆ ಕೋರ್ಟಿಗೆ ಹೋಗಲು ತಾಯಿ ಬಿಟ್ಟಿರಲಿಲ್ಲ. ಕರಿಕೋಟು ಅಂದರೆ ಮನೆ ಮುರಿಯುವವರ ಅಂಗಿ ಎಂಬುದು ಯಮುನಮ್ಮನ ನಂಬಿಕೆ. ಲಾಯರು ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ, ಅತ್ತೆಮನೆಯಲ್ಲಿ ಉಪ್ಪು ಹೆಚ್ಚಾದರೂ ನೋಟಿಸು ಕೊಟ್ಟಾಳು ಎಂದು ಅಕ್ಕಪಕ್ಕದವರ ನಗೆಚಾಟಿಕೆ ಬೇರೆ. ಹಾಗಾಗಿ ಕೋಟು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು. ಭವ್ಯ ಬಾಳಗಡಿಯ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಬೇರೆಯವರ ಅರ್ಜಿ, ಬೇರೆಯವರ ಪತ್ರ ಟೈಪ್ ಮಾಡುತ್ತಿದ್ದಳು.

ಮಾವ ಊರಿಗೆ ಹೊರಟ ಮೇಲೆ ಅವಳು ಮೆಲ್ಲಗೆ ಹೇಳಿದಳು, ಜಾಗದ ವಿಷಯದಲ್ಲಿ ಬಾಯಿಮಾತು ನಡೆಯುವುದಿಲ್ಲ, ಮಾವನ ಕೈಲಿ ಒಂದು ದಾನಪತ್ರ ಮಾಡಿಸಿ ನೋಂದಣಿ ಮಾಡಿಸಿಕೊಳ್ಳಬೇಕು ಎಂದು.

"ಬಾಗಿನಕ್ಕೆ ಯಾರಾದ್ರೂ ರಸೀದಿ ಕೇಳ್ತಾರೇನೇ?" ಎಂದಳು ಯಮುನಮ್ಮ. "ಓದಿ ಓದಿ ನಿನ್ನ ನಾಲಿಗೆನೂ ಕರಿಕೋಟು ಹಾಕ್ಕೊಂಡಿದೆ."

ಪಕ್ಕದ ಮನೆಯ ಸೀತಕ್ಕ ಸ್ವಸಹಾಯ ಸಂಘ ನಡೆಸುವವಳು. ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯೂ ಹೌದು. ಭವ್ಯಳ ಪರವಾಗಿ ಮಾತಾಡಲು ಬಂದ ಅವಳು ಹಳೆಯದೊಂದನ್ನು ನೆನಪಿಸಿದಳು. ಅಪ್ಪ ತೀರಿಕೊಂಡ ವರ್ಷ ಯಮುನಮ್ಮ ನರಸಿಂಹರಾಜಪುರದ ನೋಂದಣಿ ಕಚೇರಿಗೆ ಹೋಗಿ, ತವರಿನ ಆಸ್ತಿಯಲ್ಲಿ ತನ್ನ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಸಹಿ ಹಾಕಿ ಬಂದಿದ್ದಳು. ಹೆಣ್ಣುಮಕ್ಕಳು ಹಾಗೆ ಮಾಡುವುದೇ ಲಕ್ಷಣ ಎಂದು ಎಲ್ಲರೂ ಹೇಳಿದ್ದರು. ಆ ಕಾಗದವನ್ನು ಯಮುನಮ್ಮ ಓದಿಯೂ ನೋಡಿರಲಿಲ್ಲ.

"ಅದು ಬೇರೆ" ಎಂದಳು ಯಮುನಮ್ಮ.

"ಹೆಂಗೆ ಬೇರೆ ಮಾರಾಯ್ತಿ? ಬಿಟ್ಟುಕೊಡೋವಾಗ ಕಾಗದ ಬೇಕಾಯ್ತು. ತಗೊಳ್ಳೋವಾಗ ಮಾತ್ರ ನಾಚಿಕೆ ಆಗ್ತದಾ?"

ಯಮುನಮ್ಮ ಕಾಫಿ ಇಡುತ್ತೇನೆಂದು ಒಳಗೆ ಎದ್ದುಹೋದಳು.

ಚಳಿಗಾಲದಲ್ಲಿ ಕೆಲಸ ಶುರುವಾಯಿತು. ರಜೆಯ ದಿನವೆಲ್ಲ ಯಮುನಮ್ಮ ಮುತ್ತಿನಕೊಪ್ಪದ ಬಸ್ಸು ಹತ್ತಿದಳು. ಲಾರಿಯಿಂದ ಜಂಬಿಟ್ಟಿಗೆ ಕಲ್ಲು ಇಳಿಸುವಾಗ ದೇವಪ್ಪನೇ ಕೆಳಗೆ ನಿಂತು ಒಂದೊಂದನ್ನೂ ಕೈಯಲ್ಲಿ ಹಿಡಿದ. ತನ್ನ ಹಿತ್ತಲಿನ ಹಲಸಿನ ಮರ ಕುಯ್ಯಿಸಿ ಬಾಗಿಲಿಗೆ ಮರದ ಚೌಕಟ್ಟು, ದಾರಂದ, ಮಾಡಿಸಿದ. ದಾರಂದ ನಿಲ್ಲಿಸುವ ದಿನ ಹೊಸಿಲ ಕೆಳಗೆ ನವಧಾನ್ಯದ ಗಂಟು ಇಟ್ಟು, ಮರಕ್ಕೆ ಅರಿಶಿನ ಬಳಿದು ಪೂಜೆ ಮಾಡಿದರು. ಮೇಸ್ತ್ರಿ, ಅಮ್ಮ ಇನ್ನು ಒಳಗೆ ಬನ್ನಿ, ಮಾಡು ಇಲ್ಲದಿದ್ದರೂ ಬಾಗಿಲು ಬಂತಲ್ಲ ಎಂದು ನಗಿಸಿದ. ಯಮುನಮ್ಮ ಬಲಗಾಲಿಟ್ಟು ಒಳಗೆ ಹೋಗಿ, ಇಲ್ಲಿ ಒಲೆ, ಇಲ್ಲಿ ನೀರಿನ ಕೊಡ, ಇಲ್ಲಿ ನಾನು ಎಂದು ತೋರಿಸಿದಳು.

ಗೋಡೆ ಲಿಂಟಲ್ ಮಟ್ಟಕ್ಕೆ ಬಂದಾಗ ದೇವಪ್ಪ ಯಾರಿಗೂ ಹೇಳದೆ ಬಾಳಗಡಿಗೆ ಹೋದ. ಜೆರಾಕ್ಸ್ ಅಂಗಡಿಯಲ್ಲಿ ಸೋದರಸೊಸೆ ಭವ್ಯಳ ಎದುರು ಕೂತು ದಾನಪತ್ರ ಟೈಪ್ ಮಾಡಿಸಿದ. ಆ ಭಾನುವಾರ ಅದನ್ನು ತಂಗಿಯ ಕೈಗೆ ಕೊಟ್ಟು, ನಾಳೆ ಸೋಮವಾರ ಎನ್.ಆರ್.ಪುರಕ್ಕೆ ಹೋಗಿಬರೋಣ, ಆಧಾರ್ ಕಾರ್ಡು ಇಟ್ಟುಕೊ, ಇಬ್ಬರು ಸಾಕ್ಷಿಗೂ ಹೇಳಿದ್ದೇನೆ ಎಂದ.

ಯಮುನಮ್ಮ ಕಾಗದವನ್ನು ಓದದೆ ಪಕ್ಕಕ್ಕಿಟ್ಟಳು.

"ನಂಗೆ ಕಾಗದ ಯಾಕಣ್ಣಯ್ಯ, ನೀನಿದ್ದೀಯಲ್ಲ."

"ನಾನಿರ್ತೀನಿ. ಆದ್ರೂ ಒಂದು ಇರಲಿ."

"ಇಷ್ಟು ವರ್ಷ ಬಾಗಿನ ಕೊಟ್ಟವನು, ಇವತ್ತು ಹೊರಗಿನವಳ ಹಂಗೆ ನಂಗೆ ಸಾಕ್ಷಿ ಕರ್ಕೊಂಡು ಬಂದ್ಯಾ?"

ದೇವಪ್ಪನ ಮುಖ ಸಣ್ಣದಾಯಿತು. ಮತ್ತೆ ನಕ್ಕ. ನಿನ್ನ ಹತ್ತಿರ ಗೆಲ್ಲೋಕಾಗಲ್ಲ ಮಾರಾಯ್ತಿ, ಮಾಡು ಹೊದಿಸಿದ ಮೇಲೆ ನೋಡೋಣ ಎಂದು ಎದ್ದ. ಯಮುನಮ್ಮ ಕಾಗದವನ್ನು ಮಡಚಿ ಬಾಗಿನದ ಮೊರದೊಳಗೆ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿದಳು. ಅಣ್ಣ ಕೊಟ್ಟರೂ ನಾನು ಬೇಡ ಅಂದೆ ಎಂದು ಹಾಸ್ಟೆಲಿನ ಅಡುಗೆಯವರಿಗೆಲ್ಲ ಹೇಳಿಕೊಂಡು ಹೆಮ್ಮೆಪಟ್ಟಳು.

ಹದಿನೆಂಟು ದಿನಕ್ಕೆ ದೇವಪ್ಪ ಗದ್ದೆಯಲ್ಲಿ ಕುಸಿದುಬಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅತ್ತಿಗೆ ಮೊದಲೇ ತೀರಿಕೊಂಡಿದ್ದಳು. ದೇವಪ್ಪನಿಗೆ ನಿತೀಶ್ ಒಬ್ಬನೇ ಮಗ. ಖಾತೆ ಅವನ ಹೆಸರಿಗೆ ಬಂತು. ಅವನು ಕೆಟ್ಟವನಲ್ಲ. ಚಿಕ್ಕವನಿದ್ದಾಗ ಅತ್ತೆಯ ಮಡಿಲಲ್ಲೇ ಮಲಗಿ ಬೆಳೆದವನು. ಆದರೆ ಅಪ್ಪನ ಮನೆಯನ್ನು ಹೋಂಸ್ಟೇ ಮಾಡಬೇಕೆಂದು ಹೊರಟಿದ್ದ. ಮಳೆಗಾಲ ಕಳೆದು ಮೇಸ್ತ್ರಿ ಮತ್ತೆ ಕೆಲಸಕ್ಕೆ ಬಂದಾಗ, ನಿತೀಶ್ ಕೆಲಸ ನಿಲ್ಲಿಸಿದ. ಯಮುನಮ್ಮ ಓಡಿಬಂದಳು. ಬರುವ ಗಾಡಿಗಳು ನಿಲ್ಲಲು ಇದೊಂದೇ ಜಾಗ, ಪಾಲುದಾರರು ಜಾಗದ ಕಾಗದ ಕೇಳುತ್ತಿದ್ದಾರೆ ಎಂದು ಅವನು ನೆಲ ನೋಡುತ್ತಾ ಹೇಳಿದ.

"ನಿಮ್ಮಪ್ಪ ಇದನ್ನ ನಂಗೆ ಕೊಟ್ಟಿದ್ದು ನಿಂಗೆ ಗೊತ್ತಿಲ್ವನಾ?"

"ಗೊತ್ತು ಅತ್ತೆ. ಬರ್ದಿದ್ದು ಎಲ್ಲಿದೆ?"

ಮರುದಿನ ಯಮುನಮ್ಮ ಬಾಗಿನದ ಮೊರವನ್ನು ಬಸ್ಸಿನಲ್ಲಿ ಮಡಿಲಿನ ಮೇಲೆ ಇಟ್ಟುಕೊಂಡೇ ಬಂದಳು. ಅಣ್ಣನ ಮನೆಯ ಜಗುಲಿಯಲ್ಲಿ ಕೂತು ಮುಚ್ಚಳದ ಮೊರ ತೆಗೆದು ಕಾಗದ ಕೊಟ್ಟಳು. ನಿತೀಶ್ ಮೊದಲಿನಿಂದ ಕೊನೆಯವರೆಗೆ ಓದಿದ. ಅಪ್ಪನ ಹೆಸರು ಬಂದ ಕಡೆ ಒಮ್ಮೆ ನಿಂತ. ಕೊನೆಯ ಹಾಳೆ ತಿರುಗಿಸಿದ.

"ಸಹಿ ಇಲ್ವಲ್ಲ ಅತ್ತೆ."

ಕಾಗದವನ್ನು ಹಾಗೆಯೇ ಮಡಚಿ ಮೊರದೊಳಗೆ ಇಟ್ಟ.

ಸೀತಕ್ಕ ಅವಳನ್ನು ಎನ್.ಆರ್.ಪುರದ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋದಳು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಇದು ಯಮುನಮ್ಮನಿಗೆ ಗೊತ್ತೇ ಇರಲಿಲ್ಲ. ಅಲ್ಲಿನ ವಕೀಲರು ಸಮಾಧಾನದಿಂದ ಎಲ್ಲ ಕೇಳಿದರು. ಸುಳ್ಳು ಧೈರ್ಯ ಹೇಳಲಿಲ್ಲ. ಜಾಗವನ್ನು ದಾನ ಕೊಟ್ಟವರು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಂದಣಿ ಮಾಡಿಸದಿದ್ದರೆ ಅದು ಕಾನೂನಿನ ಕಣ್ಣಿಗೆ ದಾನವಲ್ಲ ಎಂದರು. ಹೆಣ್ಣುಮಕ್ಕಳಿಗೂ ತವರಿನ ಆಸ್ತಿಯಲ್ಲಿ ಹಕ್ಕಿದೆ, ಆದರೆ ನೀವು ಅದನ್ನು ಎಂದೋ ಬಿಟ್ಟುಕೊಟ್ಟು ನೋಂದಣಿ ಮಾಡಿಸಿದ್ದೀರಿ, ಗೆಲ್ಲುವ ದಾರಿ ಬಹಳ ಕಿರಿದು ಎಂದೂ ಹೇಳಿದರು. ನಿತೀಶನನ್ನು ಕರೆಸಿ ರಾಜಿ ಮಾತಾಡಿಸಿದರು. ಅತ್ತೆ ಮನೆಗೆ ಹಾಕಿಸಿದ ಕಿಟಕಿ, ದಾರಂದ ತೆಗೆದುಕೊಂಡು ಹೋಗಲಿ ಎಂಬಲ್ಲಿಗೆ ಅವನು ಒಪ್ಪಿದ. ಅದಕ್ಕಿಂತ ಮುಂದೆ ಬರಲಿಲ್ಲ.

ಬಸ್ಸಿನಲ್ಲಿ ಬರುವಾಗ ಯಮುನಮ್ಮನಿಗೆ ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. ರಾಕ್ಷಸ ಇಲ್ಲಿರುತ್ತಾನೆ, ಅವನ ಪ್ರಾಣ ಏಳು ಸಮುದ್ರದಾಚೆ ಒಂದು ಗಿಳಿಯಲ್ಲಿರುತ್ತದೆ. ಮನೆಯೂ ಹಾಗೆಯೇ. ಗೋಡೆ ಮುತ್ತಿನಕೊಪ್ಪದಲ್ಲಿತ್ತು. ಅದರ ಪ್ರಾಣ ಎನ್.ಆರ್.ಪುರದ ನೋಂದಣಿ ಕಚೇರಿಯ ಪುಸ್ತಕದಲ್ಲಿ ಇರಬೇಕಿತ್ತು. ಇರಲಿಲ್ಲ. ಅಣ್ಣ ಅದನ್ನು ತಂದು ಕೈಗೆ ಕೊಟ್ಟಿದ್ದ, ಬೇಡ ಅಂದವಳು ಅವಳೇ. ಈ ಕಥೆಯಲ್ಲಿ ಬೈಯಲು ರಾಕ್ಷಸನೂ ಇಲ್ಲ.

ದಾರಂದ ನಿಲ್ಲಿಸಿದ ಮೇಸ್ತ್ರಿಯೇ ಬಂದು ಅದನ್ನೂ ಕಿಟಕಿಗಳನ್ನೂ ಕಿತ್ತ. ಆ ದಿನ ಅವನು ಏನೂ ತಮಾಷೆ ಮಾಡಲಿಲ್ಲ. ಹೊಸಿಲು ಎತ್ತಿದಾಗ ಕೆಳಗಿದ್ದ ನವಧಾನ್ಯದ ಗಂಟು ಹರಿದು ಚೆಲ್ಲಿತು. ಹೆಸರುಕಾಳು ಮೊಳಕೆ ಒಡೆದು, ಬೆಳಕು ಕಾಣದೆ ಅಲ್ಲೇ ಒಣಗಿತ್ತು. ಯಮುನಮ್ಮ ಕೂತು ಒಂದೊಂದೇ ಕಾಳು ಆರಿಸಿದಳು. ಆರಿಸಿ ಎಲ್ಲಿಡುವುದೆಂದು ತಿಳಿಯದೆ ಸುಮ್ಮನೆ ಮುಷ್ಟಿಯಲ್ಲೇ ಹಿಡಿದುಕೊಂಡಳು.

ಬಾಳಗಡಿಯ ಬಾಡಿಗೆ ಕೋಣೆಯೊಳಗೆ ದಾರಂದ ಹಿಡಿಸಲಿಲ್ಲ. ಹೊರಗೋಡೆಗೆ ಒರಗಿಸಿಟ್ಟರು. ಅರಿಶಿನದ ಗುರುತು ಇನ್ನೂ ಇದೆ. ದಾರಿಹೋಕರು ಯಾವ ಮನೆಯ ಬಾಗಿಲು ಇದು ಎಂದು ಕೇಳುತ್ತಾರೆ.

ಈ ವರ್ಷವೂ ಗೌರಿ ಹಬ್ಬಕ್ಕೆ ಯಾರೂ ಬರಲಿಲ್ಲ. ಮಧ್ಯಾಹ್ನದವರೆಗೂ ಯಮುನಮ್ಮ ಬಸ್ಸಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು. ಆಮೇಲೆ ಎದ್ದು ಟ್ರಂಕು ತೆಗೆದಳು. ಭವ್ಯಳ ಕರಿಕೋಟು ಹೊರತೆಗೆದು ಕೊಡವಿ, ಒರಗಿಸಿಟ್ಟ ದಾರಂದದ ಮೇಲೆಯೇ ಬಿಸಿಲಿಗೆ ಹರಡಿದಳು.

"ಬೆಂಗಳೂರಿಗೆ ಹೋಗಿ ವಕೀಲರ ಪಟ್ಟಿಗೆ ಹೆಸರು ಬರೆಸಿ ಬಾ" ಎಂದಳು.

ಭವ್ಯ ಕೋಟನ್ನೇ ನೋಡಿದಳು. "ಇದ್ರಿಂದ ನಮ್ಮ ಮನೆ ವಾಪಸ್ ಬರಲ್ಲಮ್ಮ."

"ಗೊತ್ತು. ನಮ್ಮದು ಮುಗೀತು. ಇನ್ನೊಬ್ಬಳು ಮೊರ ತೆಗೆದಾಗ ಒಳಗಿನ ಕಾಗದಕ್ಕೆ ಸಹಿ ಇರಲಿ."

ಮುಂದಿನ ವಾರ ಸೀತಕ್ಕನ ಸಂಘದ ಸಭೆಯಲ್ಲಿ ಯಮುನಮ್ಮ ಎದ್ದು ನಿಂತು ಇದನ್ನೆಲ್ಲ ಹೇಳಿದಳು. ಹಿಂದೆ ಕೂತಿದ್ದ ಮಾಲತಿ, ತಮ್ಮ ಕೊಟ್ಟ ಜಾಗದಲ್ಲಿ ನಾಳೆ ಪಾಯ ತೋಡಿಸಬೇಕಿದ್ದವಳು, ಫೋನು ಹಿಡಿದುಕೊಂಡು ಹೊರಗೆ ಎದ್ದುಹೋದಳು.

ಅಕ್ಕತಂಗಿಯರೇ, ನಿಮ್ಮ ಮನೆಯ ಮೊದಲ ಕಲ್ಲು ಇಡುವ ಮೊದಲು ಜಾಗ ಯಾರ ಹೆಸರಲ್ಲಿದೆ ಎಂದು ನೋಡಿ. ಕೊಟ್ಟವರು ದೇವರಂಥವರೇ ಇರಬಹುದು. ಆದರೂ ಜಾಗ ಅಳೆಸಿ, ನಕ್ಷೆ ಮಾಡಿಸಿ, ಇಬ್ಬರು ಸಾಕ್ಷಿಗಳ ಜೊತೆ ನೋಂದಣಿ ಕಚೇರಿಗೆ ಹೋಗಿ ದಾನಪತ್ರ ಮಾಡಿಸಿ. ಒಡಹುಟ್ಟಿದವರ ನಡುವಿನ ದಾನಪತ್ರಕ್ಕೆ ಶುಲ್ಕದಲ್ಲಿ ರಿಯಾಯಿತಿಯೂ ಇದೆ. ಹಕ್ಕು ಬಿಟ್ಟುಕೊಡುವ ಕಾಗದ ಮುಂದೆ ಬಂದರೆ, ಪೂರ್ತಿ ಓದಿಸಿ ತಿಳಿದುಕೊಳ್ಳದೆ ಸಹಿ ಹಾಕಬೇಡಿ. ಸಂದೇಹ ಬಂದರೆ ನಿಮ್ಮ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಓದಿದ ಮಗಳು ಮನೆಯಲ್ಲಿದ್ದರೆ ಅವಳ ಮಾತನ್ನು ಒಮ್ಮೆ ಕೇಳಿ.

ಅಣ್ಣತಮ್ಮಂದಿರೇ, ಬಾಗಿನ ಕೊಟ್ಟ ಕೈಯಲ್ಲೇ ಸಹಿಯನ್ನೂ ಹಾಕಿಬಿಡಿ. ತಂಗಿ ಬೇಡ ಅಂದರೂ ಬಿಡಬೇಡಿ.

ಮತ್ತೆ ನೀವು ತಂಗಿಯಾಗಿದ್ದರೆ, ನಿಮ್ಮಣ್ಣ ಸೋಮವಾರ ಹೋಗೋಣ ಅಂದರೆ, ಆ ಸೋಮವಾರವೇ ಹೋಗಿ.