ನೋಡಲು ಬಂದವರ ಪಥ್ಯ

ಪಾಲಿಕೆಯ ಕೆಲಸದಲ್ಲಿ ನುಂಗಿದ ಧೂಳು, ಬಿಡುವಿನಲ್ಲಿ ಸೇದಿದ ಬೀಡಿ, ಎರಡೂ ಸೇರಿ ನನ್ನ ಶ್ವಾಸಕೋಶವನ್ನು ಕಮ್ಮಾರನ ಹರಕು ತಿದಿ ಮಾಡಿಟ್ಟಿವೆ. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಬೈಯುವುದೇನಿದ್ದರೂ ನನ್ನನ್ನು ನೋಡಲು ಬರುವವರನ್ನು.

ಆಸ್ಪತ್ರೆಯ ಆಹಾರತಜ್ಞೆ ಸ್ನೇಹಲ್ ನನ್ನನ್ನು ತೂಗಿ, ನಲವತ್ನಾಲ್ಕು ಕಿಲೋ ಎಂದು ಬರೆದುಕೊಂಡಳು. ನನ್ನಂಥವರಿಗೆ ಉಸಿರಾಡುವುದೇ ಒಂದು ದುಡಿಮೆಯಂತೆ, ಅದಕ್ಕೂ ಊಟ ಬೇಕಂತೆ. ಇನ್ನೂ ಸೊರಗಿದರೆ ಮುಂದಿನ ಸಲ ದಮ್ಮು ಕಟ್ಟಿದಾಗ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ ಎಂದಳು. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು: ತತ್ತಿ, ಶೇಂಗಾ ಉಂಡಿ, ತುಪ್ಪ, ಗಟ್ಟಿ ಮೊಸರು. ತಿನ್ನುವಾಗ ಮಾತು ಬೇಡ.

ಹೆಂಡತಿ ಉಡಚವ್ವ ಎಲ್ಲವನ್ನೂ ಮಾಡಿಟ್ಟಳು. ಅಷ್ಟರಲ್ಲಿ ನನ್ನ ದರ್ಶನಕ್ಕೆ ಜನ ಬರತೊಡಗಿದರು. ಉಪ್ಪಿನಬೆಟಗೇರಿಯಿಂದ ಆಕೆಯ ಅಣ್ಣ ಗಿರಿಯಪ್ಪನವರು ದಿನ ಬಿಟ್ಟು ದಿನ ಬಂದು, ಮೊಸರಿನಿಂದ ಕಫ, ತತ್ತಿಯಿಂದ ಉಷ್ಣ, ಶೇಂಗಾದಿಂದ ಕೆಮ್ಮು ಎಂದು ತೀರ್ಪು ಕೊಟ್ಟರು. ಪಕ್ಕದ ಮನೆಯ ಶರಣವ್ವ ತುಪ್ಪವನ್ನೂ ರದ್ದು ಮಾಡಿದಳು. ನನಗೆ ಉಳಿದದ್ದು ಗಂಜಿ. ಬಂದವರನ್ನು ಬರೀ ಚಹಾ ಕುಡಿಸಿ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹೀಗಾಗಿ ನನಗೆ ವಿಷವಾದದ್ದೆಲ್ಲ ಅವರ ತಾಟಿಗೆ ಹೋಯಿತು. ಗಿರಿಯಪ್ಪನವರು ನನಗಾಗಿ ಮರುಗುತ್ತ ಎರಡೆರಡು ತತ್ತಿ ಮುಗಿಸುತ್ತಿದ್ದರು. ನಾನು ಗಂಜಿಯ ಚಮಚ ಎತ್ತಿದಾಗಲೇ ಆರೋಗ್ಯ ಹೇಗಿದೆ ಎಂದು ಕೇಳುವರು. ಉತ್ತರ ಹೇಳುವಷ್ಟರಲ್ಲಿ ದಮ್ಮು ಹತ್ತಿ ಚಮಚ ಕೆಳಗಿಳಿಯುತ್ತಿತ್ತು. ಹೊಟ್ಟೆ ಕರಗಿ ಹುಡುಗನ ಹಾಗೆ ಕಾಣುತ್ತೀ ಎಂದು ಶಭಾಸ್‌ಗಿರಿ ಬೇರೆ.

ತಿಂಗಳ ಮೇಲೆ ಆಸ್ಪತ್ರೆಗೆ ಹೋದಾಗ ತೂಕ ನಲವತ್ತೊಂದಕ್ಕೆ ಬಂದಿತ್ತು. ಏನೇನು ಮಾಡಿದ್ದೆಂದು ಉಡಚವ್ವ ಒಂದೂ ಬಿಡದೆ ಹೇಳಿದಳು. ಹಾಗಾದರೆ ಅದೆಲ್ಲ ಎಲ್ಲಿ ಹೋಯಿತು ಎಂದು ಸ್ನೇಹಲ್ ಕೇಳಿದಳು. ಉಡಚವ್ವ ನನ್ನ ಕುತ್ತಿಗೆಯ ಎಲುಬನ್ನೇ ನೋಡಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಗಿರಿಯಪ್ಪನವರು ಬಂದು ಗೋಡೆಗೊರಗಿ ಕುಳಿತರು. ಉಡಚವ್ವ ತತ್ತಿಯ ತಾಟು ತಂದಳು. ಅವರು ರೂಢಿಯಂತೆ ಕೈ ಚಾಚಿದರು. ತಾಟು ಅವರ ಕೈ ದಾಟಿ ನನ್ನ ಮುಂದೆ ಬಂತು.

"ಅಣ್ಣಾ, ಇವ್ರು ಉಂಡು ಮುಗಸೂ ಮಟಾ ಮಾತಾಡಸಬ್ಯಾಡ. ಇದ್ರಾಗ ನಿನಗೇನೂ ಇಲ್ಲ," ಎಂದಳು.

ಸಂಸಾರದ ಮೂವತ್ತಾರು ವರ್ಷಗಳಲ್ಲಿ ಆಕೆ ಯಾರನ್ನೂ, ಅದರಲ್ಲೂ ತವರಿನವರನ್ನು, ಏನೂ ಕೊಡದೆ ಹಾಗೇ ಕೂರಿಸಿದ್ದನ್ನು ನಾನು ನೋಡಿರಲಿಲ್ಲ. ಗಿರಿಯಪ್ಪನವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಉಡಚವ್ವ ತಡೆಯಲಿಲ್ಲ, ಕುಳಿತು ಅತ್ತಳು. ಸಮಾಧಾನ ಮಾಡೋಣವೆಂದು ನಾನು ಬಾಯಿ ತೆರೆದೆ. ಅಳುತ್ತಲೇ ಆಕೆ ಅದರಲ್ಲಿ ತತ್ತಿಯ ಚೂರು ಇಟ್ಟಳು.